ಬಿಡುವ ದಿನ ಬರೆಯದ ಚೀಟಿ

೧೯೯೭ರಲ್ಲಿ ನಾನು ಗೋಕಾಕದಲ್ಲಿ ಹತ್ತು ಹಾಸಿಗೆಯ ಒಂದು ನರ್ಸಿಂಗ್ ಹೋಮ್ ನಡೆಸುತ್ತಿದ್ದೆ. ಎಂ.ಡಿ. ಮುಗಿಸಿ ಊರಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಆಗ ನಮ್ಮ ಭಾಗದಲ್ಲಿ ಫಿಜಿಷಿಯನ್‌ಗಳು ಕಡಿಮೆ. ಹಾಗಾಗಿ ಗುರುವಾರ ಮೂಡಲಗಿ, ರವಿವಾರ ಹುಕ್ಕೇರಿ ಅಂತ ವಾರಕ್ಕೆ ಎರಡು ದಿನ ‘ವಿಜಿಟಿಂಗ್’ ಹೋಗುತ್ತಿದ್ದೆ. ವಿಜಿಟಿಂಗ್ ಎಂದರೆ ಭಾರಿ ವ್ಯವಸ್ಥೆಯೇನಲ್ಲ. ಮೆಡಿಕಲ್ ಅಂಗಡಿಯ ಹಿಂದಿನ ಒಂದು ಖೋಲಿ, ಅದರಲ್ಲಿ ಒಂದು ಟೇಬಲ್, ಆಚೆ ರೋಗಿಗಳು ಕೂರಲು ಒಂದು ಉದ್ದನೆಯ ಬೆಂಚು, ನಡುವೆ ಒಂದು ಬಟ್ಟೆಯ ಪರದೆ.

ಬೆಳಗಿನಿಂದ ಮಧ್ಯಾಹ್ನದೊಳಗೆ ಅರವತ್ತು ಎಪ್ಪತ್ತು ಜನರನ್ನು ನೋಡಬೇಕು. ಕೇಸ್ ಪೇಪರ್ ಬರೆದಿಡುವ ಪದ್ಧತಿ ಅಲ್ಲಿ ಇರಲಿಲ್ಲ. ನಾನು ಬರೆದುಕೊಟ್ಟ ಚೀಟಿಯೇ ದಾಖಲೆ, ಅದು ರೋಗಿಯ ಬಳಿ ಇರುತ್ತಿತ್ತು. ತಂದರೆ ಉಂಟು, ಮರೆತರೆ ಇಲ್ಲ. ಆದರೂ ನನಗೆ ಚಿಂತೆ ಇರಲಿಲ್ಲ, ಏಕೆಂದರೆ ನನ್ನ ನೆನಪಿನ ಬಗ್ಗೆ ನನಗೆ ಸಣ್ಣ ಸೊಕ್ಕೇ ಇತ್ತು. “ಸಾಹೇಬ್ರು ಮಾರಿ ನೋಡಿ ಜಡ್ಡು ಹೇಳ್ತಾರ” ಅಂತ, ಅಂದರೆ ಮುಖ ನೋಡಿಯೇ ರೋಗ ಹೇಳುತ್ತಾರೆ ಅಂತ, ಬೆಂಚಿನ ಮೇಲೆ ಮಂದಿ ಮಾತಾಡಿಕೊಳ್ಳುವುದು ಪರದೆಯ ಈಚೆಗೆ ಕೇಳಿಸುತ್ತಿತ್ತು. ಹೊಗಳಿಕೆಯಿಂದ ಹೊಟ್ಟೆ ತುಂಬುವುದಿಲ್ಲ ಅನ್ನುತ್ತಾರೆ. ನನಗೆ ಮಾತ್ರ ತುಂಬುತ್ತಿತ್ತು.

ಆ ವರ್ಷದ ಫೆಬ್ರುವರಿಯಲ್ಲಿ ಒಂದು ಗುರುವಾರ ಸುಮತಿ ಅಕ್ಕೋರು ಕೆಮ್ಮು ಅಂತ ಬಂದರು. ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಅನ್ನುವುದು ರೂಢಿ. ವಯಸ್ಸು ನಲವತ್ತೆಂಟು. ಮೂಡಲಗಿಯ ಜೈನ ಮನೆತನ, ಗಂಡ ಭರಮಪ್ಪನವರದು ಪೇಟೆಯಲ್ಲಿ ಕಿರಾಣಿ ಅಂಗಡಿ. ಅಕ್ಕೋರು ಹತ್ತಿರದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಒಂದನೇ ಇಯತ್ತೆಗೆ ಕಲಿಸುತ್ತಿದ್ದರು. ಬಿ.ಪಿ.ಗೆ ಅಂತ ಎರಡು ವರ್ಷದಿಂದ ಆಗಾಗ ನನ್ನ ಬಳಿ ಬರುತ್ತಿದ್ದುದರಿಂದ ಮುಖ ಪರಿಚಯವಿತ್ತು. ಸಣ್ಣ ಆಳು, ಗಟ್ಟಿ ದನಿ.

“ಒಣ ಕೆಮ್ಮರಿ. ಕಫ ಇಲ್ಲ, ಏನಿಲ್ಲ. ಮಗ್ಗಿ ಹೇಳಸಾಕ ನಿಂತ್ರ ಎರಡರ ಮಗ್ಗಿ ಮುಗಿಯೂದ್ರಾಗ ದಮ್ಮ ಹತ್ತತೈತಿ,” ಅಂದರು.

“ಬಿ.ಪಿ. ಗುಳಿಗಿ ಬಿಟ್ಟ ಮತ್ತೇನರ ಔಷಧ ತೊಗೋತೀರೇನ್ರಿ?” ಅಂತ ಕೇಳಿದೆ. ಇದನ್ನು ನಾನು ಎಲ್ಲರಿಗೂ ಕೇಳುತ್ತಿದ್ದೆ. ಬರೆಯುತ್ತ ಬರೆಯುತ್ತ, ತಲೆ ಎತ್ತದೆ ಕೇಳುತ್ತಿದ್ದೆ.

“ಇಲ್ರಿ,” ಅಂದರು.

ಎಕ್ಸ್‌ರೇ ತೆಗೆಸಿದೆ. ಎರಡೂ ಶ್ವಾಸಕೋಶಗಳ ಕೆಳಭಾಗದಲ್ಲಿ ಸಣ್ಣಗೆ ಮಸುಕು ಕಾಣಿಸಿತು. ಮೈಯಲ್ಲಿ ಎಲ್ಲೋ ಉರಿಯೂತವಿದೆ ಎಂದು ತಿಳಿಸುವ ಇ.ಎಸ್.ಆರ್. ಪರೀಕ್ಷೆಯ ಅಂಕಿ ಎಪ್ಪತ್ತು ದಾಟಿತ್ತು. ಬಾರದ ಕಫವನ್ನು ಹೇಗೋ ಕೆಮ್ಮಿಸಿ ಮೂರು ಸಲ ಪರೀಕ್ಷೆಗೆ ಕಳಿಸಿದೆ, ಮೂರೂ ಸಲ ಟಿಬಿ ಕ್ರಿಮಿ ಸಿಗಲಿಲ್ಲ. ಎರಡು ಥರದ ಆಂಟಿಬಯಾಟಿಕ್ ಕೊಟ್ಟು ನೋಡಿದೆ, ಕೆಮ್ಮು ಹೋಗಲಿಲ್ಲ. ಆ ಕಾಲದಲ್ಲಿ ನಮ್ಮ ಕಡೆ ಇಷ್ಟಾದ ಮೇಲೆ ಬಹಳ ವಿಚಾರ ಮಾಡುವ ರೂಢಿ ಇರಲಿಲ್ಲ. ತಿಂಗಳುಗಟ್ಟಲೆ ಕೆಮ್ಮು, ಎಕ್ಸ್‌ರೇಯಲ್ಲಿ ನೆರಳು, ಇಳಿಯುತ್ತಿರುವ ತೂಕ. ಕ್ರಿಮಿ ಸಿಗಲಿ ಬಿಡಲಿ, ಟಿಬಿ. ಏಪ್ರಿಲ್‌ನಲ್ಲಿ ನಾಲ್ಕು ಔಷಧಗಳ ಟಿಬಿ ಚಿಕಿತ್ಸೆ ಶುರು ಮಾಡಿದೆ. ಹತ್ತು ಕೇಸಿನಲ್ಲಿ ಒಂಬತ್ತು ಹೀಗೇ ಸರಿಹೋಗುತ್ತಿದ್ದವು. ಹತ್ತನೆಯವರು ಏನಾಗುತ್ತಿದ್ದರು ಅಂತ ನಾನು ಹಿಂದಿರುಗಿ ನೋಡಿರಲಿಲ್ಲ.

ಟಿಬಿ ಎಂಬ ಎರಡಕ್ಷರ ಮೆಡಿಕಲ್ ಅಂಗಡಿಯ ಪರದೆ ದಾಟಿ ಆ ಹಳ್ಳಿಗೆ ತಲುಪಲು ವಾರ ಬೇಕಾಗಲಿಲ್ಲ. ಬೇಸಿಗೆ ರಜೆ ಮುಗಿದು ಜೂನ್‌ನಲ್ಲಿ ಅಕ್ಕೋರು ಶಾಲೆಗೆ ಹೋದಾಗ ಅವರ ಕುರ್ಚಿ ತರಗತಿಯಿಂದ ಪಡಸಾಲೆಗೆ ಬಂದಿತ್ತು. ಅವರು ತಿದ್ದಿಕೊಟ್ಟ ಪಾಟಿಯನ್ನು, ಅಂದರೆ ಸ್ಲೇಟನ್ನು, ಮಕ್ಕಳು ಮನೆಗೆ ಒಯ್ದರೆ ತಾಯಂದಿರು ಬಾಗಿಲಲ್ಲೇ ನೀರು ಹಾಕಿ ತೊಳೆದು ಒಳಗೆ ತೆಗೆದುಕೊಳ್ಳುತ್ತಿದ್ದರು. ಅಕ್ಕೋರು ಬರೆದುಕೊಟ್ಟ ಅಕ್ಷರವೂ ನೀರಿನ ಜೊತೆ ಹೋಗುತ್ತಿತ್ತು. ಇದು ನನಗೆ ಗೊತ್ತಾದದ್ದು ಮರುವರ್ಷ.

ಸೆಪ್ಟೆಂಬರಿನಲ್ಲಿ, ಭಾದ್ರಪದದ ಪರ್ವ ಮುಗಿದ ಮೇಲೆ ಅಕ್ಕೋರು ಮತ್ತೆ ಬಂದರು. ಜೈನರಲ್ಲಿ ಶ್ರದ್ಧೆ ಇದ್ದವರು ಆ ಹತ್ತು ದಿನ ಒಂದೇ ಹೊತ್ತು ಉಣ್ಣುತ್ತಾರೆ. ಅಕ್ಕೋರ ಮುಖ ಸ್ವಲ್ಪ ಗೆಲುವಾಗಿತ್ತು.

“ಡಾಕ್ಟರ್ ಸಾಹೇಬ್ರ, ಪರ್ವದ ಹತ್ತು ದಿವ್ಸ ನಾ ಒಂದೂ ಗುಳಿಗಿ ಬಾಯಾಗ ಹಾಕಿಲ್ರಿ. ಖರೆ ಹೇಳ್ತೇನಿ, ಕೆಮ್ಮು ಅರ್ಧಾ ಇಳದಿತ್ತು. ಬಸದಿ ಮೆಟ್ಟಲಾ ಹತ್ತಿ ಹೋಗಿ ಬಂದೇನಿ. ಈಗ ಮತ್ತ ಶುರು ಆಗೇತಿ.”

ಇಷ್ಟು ಸ್ಪಷ್ಟವಾಗಿ ಯಾವ ಪುಸ್ತಕವೂ ಹೇಳಲಾರದು. ನಾನು ಕೇಳಿದ್ದು ಬೇರೆಯೇ. ಟಿಬಿ ಗುಳಿಗೆ ಹತ್ತು ದಿನ ಬಿಟ್ಟರು ಎಂಬುದಷ್ಟೇ ನನ್ನ ಕಿವಿಗೆ ಬಿತ್ತು. “ಏನ್ರಿ ಅಕ್ಕೋರ, ಕಲತವ್ರಾಗಿ ಹಿಂಗ ಮಾಡಿದ್ರ ಹೆಂಗ? ಉಪಾಸ ಮಾಡಿದ್ರ ಟಿಬಿ ಕ್ರಿಮಿನೂ ಉಪಾಸ ಬೀಳ್ತಾವ ಅಂತ ತಿಳಕೊಂಡ್ರೇನು?” ಅಂತ ಗದರಿದೆ. ಪರದೆಯ ಆಚೆ ಯಾರೋ ನಕ್ಕರು. ಅಕ್ಕೋರು ಚೀಟಿ ತೆಗೆದುಕೊಂಡು ಎದ್ದು ಹೋದರು. ಆ ನಗು ನೆನಪಾದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

೧೯೯೮ರ ಜನವರಿಯಲ್ಲಿ ಭರಮಪ್ಪನವರು ಅವರನ್ನು ಜೀಪಿನಲ್ಲಿ ಗೋಕಾಕಕ್ಕೆ ಕರೆತಂದರು. ಟಿಬಿ ಚಿಕಿತ್ಸೆ ಶುರುವಾಗಿ ಒಂಬತ್ತು ತಿಂಗಳಾಗಿತ್ತು. ಅಕ್ಕೋರು ಜೀಪಿನಿಂದ ನನ್ನ ಟೇಬಲ್ಲಿನವರೆಗೆ, ಇಪ್ಪತ್ತು ಹೆಜ್ಜೆ, ಎರಡು ಕಡೆ ನಿಂತು ಬಂದರು. ನಿಮಿಷಕ್ಕೆ ಮೂವತ್ತೆರಡು ಉಸಿರು. ತುಟಿಗಳಲ್ಲಿ ನೀಲಿ. ಬೆನ್ನಿಗೆ ಸ್ಟೆಥಾಸ್ಕೋಪ್ ಇಟ್ಟರೆ ಪ್ರತಿ ಉಸಿರಿನ ಕೊನೆಗೆ, ಬೂಟಿನ ವೆಲ್ಕ್ರೋ ಪಟ್ಟಿ ಎಳೆದು ಬಿಚ್ಚಿದಂಥ ಚರಚರ ಸಪ್ಪಳ. ಆ ಸಪ್ಪಳ ಟಿಬಿಯದಲ್ಲ. ಶ್ವಾಸಕೋಶದ ಜಾಲರಿಯೇ ಊದಿ, ಗಡುಸಾಗಿ, ನಾರುಗಟ್ಟಿದಾಗ ಬರುವಂಥದ್ದು. ಒಂಬತ್ತು ತಿಂಗಳು ನಾನು ಇಲ್ಲದ ರೋಗಕ್ಕೆ ಮದ್ದು ಕೊಟ್ಟಿದ್ದೆ ಎಂದು ಆಗ ತಿಳಿಯಿತು.

ಬೆಳಗಾವಿಯಲ್ಲಿ ನನ್ನ ಕಾಲೇಜಿನ ಗೆಳೆಯ ಪ್ರಹ್ಲಾದ ರೇಡಿಯಾಲಜಿಸ್ಟ್ ಆಗಿದ್ದ. ಅವನಲ್ಲಿ ಸಿ.ಟಿ. ಸ್ಕ್ಯಾನ್ ಯಂತ್ರವಿತ್ತು. ಎಕ್ಸ್‌ರೇ ಎಂದರೆ ಮುಚ್ಚಿದ ಪುಸ್ತಕವನ್ನು ಬೆಳಕಿಗೆ ಹಿಡಿದು ಓದಲು ಹೊರಟಂತೆ, ಎಲ್ಲ ಹಾಳೆಗಳ ಅಕ್ಷರಗಳೂ ಒಂದರ ಮೇಲೊಂದು ಬಿದ್ದಿರುತ್ತವೆ. ಸಿ.ಟಿ. ಎಂದರೆ ಹಾಳೆ ಹಾಳೆ ತೆರೆದು ಓದುವುದು. ಅದರಲ್ಲೂ ಎಚ್.ಆರ್.ಸಿ.ಟಿ. ಎಂಬ ವಿಧಾನದಲ್ಲಿ ಒಂದೊಂದು ಹಾಳೆ ಒಂದೇ ಮಿಲಿಮೀಟರ್ ದಪ್ಪ. ಪ್ರತಿ ಹತ್ತು ಮಿಲಿಮೀಟರಿಗೆ ಒಂದು ಚಿತ್ರ. ಪ್ರತಿ ಚಿತ್ರಕ್ಕೂ ರೋಗಿ ಉಸಿರು ಹಿಡಿದು ಅಲುಗಾಡದೆ ಮಲಗಬೇಕು. ಉಸಿರೇ ಸಾಲದವರಿಗೆ ಉಸಿರು ಹಿಡಿಯಿರಿ ಅನ್ನುವುದು ಎಂಥ ಮಾತು! ಶನಿವಾರ ಬೆಳಿಗ್ಗೆ ಭರಮಪ್ಪನವರು ಆಕ್ಸಿಜನ್ ಸಿಲಿಂಡರನ್ನು ಜೀಪಿನಲ್ಲಿಟ್ಟುಕೊಂಡು, ಹತ್ತರಗಿ ಹತ್ತಿರ ಹೈವೇ ಹಿಡಿದು ಬೆಳಗಾವಿಗೆ ಹೋದರು. ಅರ್ಧ ಗಂಟೆಯ ಸ್ಕ್ಯಾನಿಗೆ ಎರಡು ಗಂಟೆ ಹಿಡಿಯಿತಂತೆ. ಸಂಜೆ ಸಿಲಿಂಡರಿನ ಜೊತೆಗೇ ಮೂಡಲಗಿಯ ಮನೆಗೆ ಮರಳಿದರು.

ಮರುದಿನ ರವಿವಾರ, ನಾನು ಹುಕ್ಕೇರಿಯಲ್ಲಿದ್ದೆ. ಹನ್ನೊಂದರ ಸುಮಾರಿಗೆ ಅಲ್ಲಿಯ ಮೆಡಿಕಲ್ ಅಂಗಡಿಯ ಫೋನಿಗೆ ಪ್ರಹ್ಲಾದನ ಕರೆ ಬಂತು.

“ಇದು ಟಿಬಿ ಅಲ್ಲೋ. ಎರಡೂ ಬಾಜೂ ಸಮಾ ಸಮಾ ಐತಿ. ಕೆಳಗ, ಹಿಂದ, ಅಂಚಿನ ಗುಂಟ. ಟಿಬಿ ಇಷ್ಟ ನ್ಯಾಯದಿಂದ ಪಾಲು ಹಂಚಂಗಿಲ್ಲ.”

ಆಮೇಲೆ ವಿವರಿಸಿದ. ಬಹಳಷ್ಟು ಜಾಗದಲ್ಲಿ ‘ಗ್ರೌಂಡ್ ಗ್ಲಾಸ್’ ಇದೆ ಅಂದ. ಬಚ್ಚಲಮನೆಯ ಕಿಟಕಿಗೆ ಹಾಕುವ ಮಸುಕು ಗಾಜಿನಂತೆ ಶ್ವಾಸಕೋಶ ಬೆಳ್ಳಗಾಗಿರುತ್ತದೆ, ಆದರೆ ಒಳಗಿನ ರಕ್ತನಾಳಗಳು ಕಾಣಿಸುತ್ತಿರುತ್ತವೆ. ಇದು ಬಹಳ ಸಲ ಇನ್ನೂ ಹಸಿಯಾಗಿರುವ ಉರಿಯೂತ, ಕರಗಬಹುದು. ಆದರೆ ಅಂಚುಗಳಲ್ಲಿ ಬಲೆಯಂಥ ಗೆರೆಗಳು ಬಿದ್ದಿವೆ, ಕೆಲವು ಶ್ವಾಸನಾಳಗಳನ್ನು ಅವು ಎಳೆದು ಹಿಗ್ಗಿಸಿವೆ. ಅದು ಗಾಯ ಮಾಗಿ ಉಳಿದ ಕಲೆ, ಕರಗುವುದು ಕಷ್ಟ. ಕೀಲುನೋವಿನ ರೋಗದಲ್ಲಿ, ಪಾರಿವಾಳ ಸಾಕುವವರಲ್ಲಿ, ಕೆಲವು ಔಷಧಗಳಿಂದ, ಹೀಗೆ ಹಲವು ಕಾರಣಗಳಿಗೆ ಇಂಥದೇ ಚಿತ್ರ ಬರುತ್ತದೆ. ಸ್ಕ್ಯಾನ್ ರೋಗದ ರೂಪ ತೋರಿಸುತ್ತದೆ, ಕಾರಣದ ಹೆಸರು ಹೇಳುವುದಿಲ್ಲ.

“ಕೀಲು ಬ್ಯಾನಿ ಇಲ್ಲ, ಪಾರಿವಾಳ ಇಲ್ಲ. ಕೇಳೇನಿ,” ಅಂದೆ.

“ಗುಳಿಗಿ ಏನೇನು ತೊಗೋತಾರ?”

“ಬಿ.ಪಿ. ಗುಳಿಗಿ. ಮತ್ತೇನಿಲ್ಲ.”

“ಹೆಂಗ ಕೇಳಿದಿ? ಬಾಯಿಲೆ ಕೇಳಿದ್ಯೋ, ಮನಿಗೆ ಹೋಗಿ ಡಬ್ಬಿ ತಗಿಸಿ ನೋಡಿದ್ಯೋ?”

“ಬಾಯಿಲೆ,” ಅಂದೆ. “ಹೋಗಿ ಡಬ್ಬಿ ನೋಡು,” ಅಂತ ಫೋನ್ ಇಟ್ಟ. ಕಾಲೇಜಿನಲ್ಲೂ ಅವನು ಹೀಗೇ, ಪರೀಕ್ಷೆಯಲ್ಲಿ ನನಗಿಂತ ನಾಲ್ಕು ಅಂಕ ಕಡಿಮೆ, ಬುದ್ಧಿ ನಾಲ್ಕು ಪಟ್ಟು ಜಾಸ್ತಿ.

ಉಳಿದ ರೋಗಿಗಳಿಗೆ ಮುಂದಿನ ವಾರ ಬನ್ನಿ ಅಂತ ಹೇಳಿಸಿ ಹುಕ್ಕೇರಿಯಿಂದ ಹೊರಟೆ. ಕಬ್ಬಿನ ಹಂಗಾಮು. ಘಟಪ್ರಭಾ ದಾಟುವವರೆಗೆ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಹಾರ್ನ್ ಬಾರಿಸಿ ಕೈ ನೋವು ಬಂತು. ಮೂಡಲಗಿ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಭರಮಪ್ಪನವರು ಅಂಗಡಿ ಬಿಟ್ಟು ಮನೆಯಲ್ಲಿದ್ದರು. ಅಕ್ಕೋರು ಗೋಡೆಗೆ ದಿಂಬು ಕೊಟ್ಟು ಕೂತಿದ್ದರು.

“ಅಕ್ಕೋರ, ಮನ್ಯಾಗ ಇದ್ದ ಗುಳಿಗಿ ಎಲ್ಲಾ ತಂದು ನನ್ನ ಮುಂದ ಇಡ್ರಿ. ಜಡ್ಡಿಂದು ಇರಲಿ, ಶಕ್ತಿದು ಇರಲಿ, ಯಾರು ಕೊಟ್ಟಿದ್ದರ ಇರಲಿ.”

ಭರಮಪ್ಪನವರು ಬಿ.ಪಿ. ಗುಳಿಗೆ ತಂದರು, ಉಳಿದ ಟಿಬಿ ಗುಳಿಗೆ ತಂದರು. ಅಕ್ಕೋರು ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ತಾವು ಜಪಮಾಲೆ ಇಡುವ ಸಣ್ಣ ಸ್ಟೀಲ್ ಡಬ್ಬಿ ತರಿಸಿ, ಅದರ ತಳದಿಂದ ಒಂದು ಪಟ್ಟಿ ತೆಗೆದರು. ಹಳದಿ ಕ್ಯಾಪ್ಸೂಲು. ನೈಟ್ರೋಫ್ಯುರಾಂಟೋಯಿನ್, ನೂರು ಮಿಲಿಗ್ರಾಂ. ಮೂತ್ರದ ಸೋಂಕಿಗೆ ಕೊಡುವ ಹಳೆಯ, ಅಗ್ಗದ, ಒಳ್ಳೆಯ ಔಷಧ. ವರ್ಷಗಟ್ಟಲೆ ತೆಗೆದುಕೊಂಡರೆ ಅಪರೂಪಕ್ಕೆ ಒಬ್ಬೊಬ್ಬರ ಶ್ವಾಸಕೋಶವನ್ನು ಹೀಗೇ ಸದ್ದಿಲ್ಲದೆ ಗಡುಸು ಮಾಡುತ್ತದೆ ಅಂತ ನಾನು ಎಂ.ಡಿ.ಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

“ಇದು ದಿನಾ ತೊಗೋತೀರೇನ್ರಿ?”

“ದಿನಾ ಹೊತ್ತ ಮುಳುಗೂಕಿಂತ ಮದ್ಲ ಒಂದರಿ. ಒಂದ ದಿವ್ಸ ತಪ್ಪಿಸಿಲ್ರಿ, ಪರ್ವದ ಹತ್ತು ದಿವ್ಸ ಬಿಟ್ಟು.”

“ಮತ್ತ ನಾ ಅಷ್ಟ ಸಲ ಕೇಳಿದ್ನೆಲ್ರಿ, ಔಷಧ ತೊಗೋತೀರೇನಂತ?”

“ಔಷಧ ಅಂದ್ರ ಜಡ್ಡ ಬಂದಾಗ ತೊಗೊಳ್ಳೂದಲ್ರಿ? ಇದು ಜಡ್ಡ ಬರಬಾರ್ದಂತ ತೊಗೊಳ್ಳೂದು. ನೀವ ಹಂಗ ಹೇಳಿದ್ರಿ.” ಉಸಿರು ಎಳೆದುಕೊಂಡು ಮುಂದುವರಿಸಿದರು. “ಅದೂ ಅಲ್ದ ಆ ಪರದೆ ಆಚೆ ನಮ್ಮ ಸಾಲಿ ಹುಡುಗರ ತಾಯಂದಿರ ಕುಂತಿರ್ತಾರ. ಅವರು ಕೇಳೂಹಂಗ ಒಂದಕ್ಕ ಹೋಗೂ ಮಾತ ಹೆಂಗ ಹೇಳಲ್ರಿ?”

‘ನೀವ ಹಂಗ ಹೇಳಿದ್ರಿ’ ಎಂಬ ಮಾತು ನನಗೆ ಮೊದಲು ತಿಳಿಯಲಿಲ್ಲ. ಅಕ್ಕೋರು ಡಬ್ಬಿಯಿಂದ ಇನ್ನೊಂದು ವಸ್ತು ತೆಗೆದು ಕೊಟ್ಟರು. ಒಂದು ಚೀಟಿ. ಹರಿಯಬಾರದು ಅಂತ ಲ್ಯಾಮಿನೇಷನ್ ಮಾಡಿಸಿದ್ದರು. ೧೯೯೩ರ ನವೆಂಬರ್ ತಾರೀಖು, ನನ್ನ ಹೆಸರು, ನನ್ನ ಅಕ್ಷರ, ಕ್ಯಾಪ್ಸೂಲಿನ ಹೆಸರು, ದಿನಕ್ಕೊಂದು. ಅದರ ಕೆಳಗೆ ಇಂಗ್ಲಿಷಿನಲ್ಲಿ ‘ಮುಂದುವರಿಸಿ’ ಅಂತ ಬರೆದು ಎರಡು ಗೆರೆ ಎಳೆದಿದ್ದೆ.

ಆಗ ನೆನಪಾಯಿತು. ಪೂರ್ತಿಯಲ್ಲ, ಚೂರು ಚೂರು. ವರ್ಷದಲ್ಲಿ ನಾಲ್ಕು ಸಲ ಉರಿಮೂತ್ರ, ಚಳಿ ಜ್ವರ ಅಂತ ಬಂದಿದ್ದ ಒಬ್ಬ ಅಕ್ಕೋರು. ಕಲ್ಲಿಲ್ಲ, ಸಕ್ಕರೆ ಕಾಯಿಲೆಯಿಲ್ಲ. ‘ಮತ್ತ ಜಡ್ಡ ಬರಬಾರ್ದಂತ ಇದನ್ನ ಮೂರ ತಿಂಗಳ ತೊಗೊಳ್ರಿ, ಆಮ್ಯಾಲ ನೋಡೂಣು’ ಅಂತ ಬಾಯಿಂದ ಹೇಳಿದ್ದೆ. ಬಾಯಿಮಾತು ಗಾಳಿಗೆ ಹೋಯಿತು, ಬರೆದದ್ದು ಪ್ಲಾಸ್ಟಿಕ್ಕಿನೊಳಗೆ ಉಳಿಯಿತು. ಮೂರು ತಿಂಗಳಲ್ಲಿ ಅವರಿಗೆ ಪೂರ್ತಿ ಗುಣವಾಗಿತ್ತು, ಗುಣವಾದವರು ಡಾಕ್ಟರನ್ನು ಹುಡುಕಿಕೊಂಡು ಯಾಕೆ ಬರುತ್ತಾರೆ? ತಿಂಗಳಿಗೊಮ್ಮೆ ನಾನು ಕೂರುವ ಅದೇ ಮೆಡಿಕಲ್ ಅಂಗಡಿಯಲ್ಲಿ ಚೀಟಿ ತೋರಿಸಿ ಪಟ್ಟಿ ತರುತ್ತಿದ್ದರು. ನಾಲ್ಕು ವರ್ಷ ಎರಡು ತಿಂಗಳು. ಬಿ.ಪಿ.ಗೆ ಅಂತ ಬಂದಾಗ ಅದೇ ಅಕ್ಕೋರು ಅಂತ ಗುರುತೂ ಸಿಕ್ಕಿರಲಿಲ್ಲ. ಮಾರಿ ನೋಡಿ ಜಡ್ಡು ಹೇಳುವ ಸಾಹೇಬರು ನಾನು!

ಉರಿಮೂತ್ರ ಪದೇ ಪದೇ ಯಾಕೆ ಬರುತ್ತಿತ್ತು ಎಂಬುದನ್ನೂ ಅವತ್ತೇ ಕೇಳಿದೆ. ನಾಲ್ಕು ವರ್ಷ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ.

“ಸಾಲ್ಯಾಗ ಪಾಯಖಾನಿ ಇಲ್ರಿ. ಮಾಸ್ತರಗೋಳ ಗಿಡದ ಮರಿಗೆ ಹೋಗ್ತಾರ, ನಾ ಎಲ್ಲಿ ಹೋಗ್ಲಿ? ಅದಕ ಮುಂಜಾನೆ ಚಹಾ ಕುಡದ್ರ ಮತ್ತ ನೀರು ಸಂಜೀಕ ಮನಿಗೆ ಬಂದ ಮ್ಯಾಲ. ಹೊತ್ತ ಮುಳುಗಿತಂದ್ರ ನಮ್ಮೊಳಗ ನೀರೂ ಮುಟ್ಟಾಂಗಿಲ್ಲ. ನೀವು ನೀರು ಭಾಳ ಕುಡೀರಿ ಅಂದ್ರಿ, ನಾ ಹೂಂ ಅಂದ್ನಿ.”

ಬೇಕಾಗಿದ್ದದ್ದು ನಾಲ್ಕು ಗೋಡೆ, ಒಂದು ಬಾಗಿಲು ಮತ್ತು ನಾಲ್ಕು ಲೋಟ ನೀರು. ನಾನು ಕೊಟ್ಟದ್ದು ಕ್ಯಾಪ್ಸೂಲು.

ಇಷ್ಟೆಲ್ಲ ತಿಳಿದ ಮೇಲೆ ಆ ಕ್ಷಣವೇ ತಪ್ಪು ಒಪ್ಪಿಕೊಂಡೆ ಅಂತ ಬರೆಯಲು ನನಗೂ ಆಸೆ ಇದೆ. ಹಾಗಾಗಲಿಲ್ಲ. “ಈ ಗುಳಿಗಿ ನಿಮಗ ಒಗ್ಗಿಲ್ಲ ಕಾಣಸ್ತೈತಿ. ಇವತ್ತಿಂದ ಬಂದ್ ಮಾಡ್ರಿ,” ಅಂದೆ. ಒಗ್ಗಿಲ್ಲ ಅಂದರೆ ತಪ್ಪು ಅವರ ಮೈಯದು ಅಂದಂತಾಯಿತು. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಊರಿನ ಹೆದರಿಕೆ, ಭರಮಪ್ಪನವರ ಹೆದರಿಕೆ, ಎಲ್ಲಕ್ಕಿಂತ ಹೆಚ್ಚು ಬೆಂಚಿನ ಮೇಲೆ ಕೂತವರು ಇನ್ನು ಏನು ಮಾತಾಡಿಕೊಳ್ಳುತ್ತಾರೆ ಎಂಬ ಹೆದರಿಕೆ.

ಅವತ್ತೇ ಗೋಕಾಕಕ್ಕೆ ಕರೆತಂದು ಸೇರಿಸಿಕೊಂಡೆ. ಕ್ಯಾಪ್ಸೂಲು ನಿಂತಿತು, ಟಿಬಿ ಔಷಧ ನಿಂತಿತು. ಉರಿಯೂತ ಇಳಿಸಲು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಕೊಟ್ಟೆ. ನಾಲ್ಕನೆಯ ದಿನ ಕೆಮ್ಮು ಇಳಿಯಿತು. ಹತ್ತನೆಯ ದಿನ ಆಕ್ಸಿಜನ್ ಇಲ್ಲದೆ ಕೂತು ಊಟ ಮಾಡಿದರು. ಹದಿನೆಂಟನೆಯ ದಿನ ನರ್ಸಿಂಗ್ ಹೋಮಿನ ಪಡಸಾಲೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದರು. ಭರಮಪ್ಪನವರು ನನ್ನ ಕೈ ಹಿಡಿದು, “ಸಾಹೇಬ್ರ, ನೀವ ದೇವರು,” ಅಂದರು. ಆ ಮಾತನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ. ಹೇಡಿತನಕ್ಕೆ ಅಡ್ಡ ಹೆಸರು ಬಹಳ ಇವೆ. ನಾನು ಅದನ್ನು ‘ರೋಗಿಗೆ ಆಘಾತವಾಗಬಾರದು’ ಅಂತ ಕರೆದುಕೊಂಡೆ.

ಏಪ್ರಿಲ್‌ನಲ್ಲಿ ಮತ್ತೆ ಬೆಳಗಾವಿಯಲ್ಲಿ ಎಚ್.ಆರ್.ಸಿ.ಟಿ. ಆಯಿತು. ಈ ಸಲ ನಾನೂ ಹೋಗಿದ್ದೆ. ಪ್ರಹ್ಲಾದ ಎರಡೂ ಫಿಲ್ಮ್‌ಗಳನ್ನು ದೀಪದ ಪೆಟ್ಟಿಗೆಯ ಮೇಲೆ ಪಕ್ಕಪಕ್ಕ ಹಚ್ಚಿದ. ಮಸುಕು ಗಾಜಿನಂಥ ಬಿಳುಪು ಬಹುತೇಕ ಹೋಗಿತ್ತು. ಬಲೆಯ ಗೆರೆಗಳು ಇದ್ದಲ್ಲೇ ಇದ್ದವು. ಬಿಳುಪು ಸರಿದ ಮೇಲೆ ಅವು ಇನ್ನೂ ಎದ್ದು ಕಾಣಿಸುತ್ತಿದ್ದವು. “ವರ್ಷದ ಹಿಂದ ಬಿಡಿಸಿದ್ರ ಇವು ಬೀಳತಿದ್ದಿಲ್ಲ ಅನಸ್ತೈತಿ,” ಅಂದ. ಅವನು ಹೇಳದಿದ್ದರೂ ನನಗೆ ಲೆಕ್ಕ ಗೊತ್ತಿತ್ತು. ವರ್ಷದ ಹಿಂದೆ ಅಂದರೆ ನಾನು ಟಿಬಿ ಅಂತ ಬರೆದ ತಿಂಗಳು.

ಅಕ್ಕೋರು ಹೊರಗಿನ ಕುರ್ಚಿಯಲ್ಲಿ ಕೂತಿದ್ದರು, ಭರಮಪ್ಪನವರು ಪಕ್ಕದಲ್ಲಿ. ನಾನು ಹತ್ತಿರ ಹೋದ ಕೂಡಲೆ ಕೇಳಿದರು: “ಆ ಹಳದಿ ಗುಳಿಗಿ ಬಿಟ್ಟ ಮ್ಯಾಲ ನನಗ ಆರಾಮ ಆತು. ಅಂದ್ರ ಈ ಜಡ್ಡ ಅದರಿಂದಾನ ಬಂದಿತ್ತೇನ್ರಿ?”

“ಹೌದ್ರಿ.”

“ಟಿಬಿ ಇತ್ತೋ ಇಲ್ಲೋ?”

“ಇರಲಿಲ್ರಿ. ಆ ಗುಳಿಗಿ ಬರದಾಂವ ನಾನು, ಟಿಬಿ ಅಂದಾಂವನೂ ನಾನ. ಎರಡೂ ನಂದ ತಪ್ಪು.”

ಭರಮಪ್ಪನವರು ಎದ್ದು ಬಾಗಿಲ ಕಡೆ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಅಕ್ಕೋರು ಅಳಲಿಲ್ಲ, ಬೈಯಲಿಲ್ಲ. ಪಡಸಾಲೆಗೆ ಬಂದ ಕುರ್ಚಿ, ತೊಳೆದ ಪಾಟಿಗಳು, ಇದನ್ನೆಲ್ಲ ನನಗೆ ಹೇಳಿದ್ದು ಅವತ್ತು. ಒಂದನೇ ಇಯತ್ತೆಯ ಮಕ್ಕಳಿಗೆ ಹೇಳುವಂತೆ ನಿಧಾನವಾಗಿ, ಒಂದೊಂದಾಗಿ ಹೇಳಿದರು. ಆಮೇಲೆ ಅಂದರು: “ನೀವು ನನಗ ಮಾಫಿ ಕೇಳೂದು ಬ್ಯಾಡ್ರಿ.  ಜೂನದಾಗ ಸಾಲಿ ಶುರು ಆಗತೈತಿ. ಇಲ್ಲಿ ನನಗ ಹೇಳಿದ್ದನ್ನ ಅಲ್ಲಿ ಬಂದು ಅವರ ಮುಂದ ಹೇಳ್ರಿ.”

“ಬರ್ತೇನ್ರಿ,” ಅಂದೆ.

ಗೆಳೆಯರಾದ ಇಬ್ಬರು ಡಾಕ್ಟರರು, “ನಿನಗ ಹುಚ್ಚ ಹಿಡದೈತೇನು? ಟಿಬಿ ವಾಸಿ ಆತು ಅಂತ ಸರ್ಟಿಫಿಕೇಟ್ ಬರದಕೊಡು, ಸಾಕು,” ಅಂದರು. ಸರ್ಟಿಫಿಕೇಟ್ ಬರೆದು ಜೇಬಿನಲ್ಲೂ ಇಟ್ಟುಕೊಂಡಿದ್ದೆ, ಸುಳ್ಳಾಡುವುದಿಲ್ಲ. ಜೂನ್ ಎರಡನೆಯ ಶನಿವಾರ, ಬೆಳಗಿನ ಶಾಲೆ. ಹೆಡ್ ಮಾಸ್ತರು ಇಪ್ಪತ್ತು-ಇಪ್ಪತ್ತೈದು ಮಂದಿ ತಾಯಂದಿರನ್ನು ಕರೆಸಿದ್ದರು. ಅಕ್ಕೋರು ಪಡಸಾಲೆಯ ಅದೇ ಕುರ್ಚಿಯಲ್ಲಿ ಕೂತಿದ್ದರು.

“ಅಕ್ಕೋರಿಗೆ ಟಿಬಿ ಇಲ್ಲ. ಯಾವತ್ತೂ ಇರಲಿಲ್ಲ. ಒಂದು ಗುಳಿಗಿಯಿಂದ ಅವರ ಎದಿಗೆ ತ್ರಾಸ ಆಗೇತಿ. ಅದು ಒಬ್ಬರಿಂದ ಒಬ್ಬರಿಗೆ ಹತ್ತೂ ಜಡ್ಡಲ್ಲ,” ಅಂತ ಹೇಳಿ ನಿಲ್ಲಿಸಿದೆ. ಅಲ್ಲಿಗೇ ಮುಗಿಸಬಹುದಿತ್ತು.

“ಅಂಥಾ ಗುಳಿಗಿ ಯಾವ ಡಾಕ್ಟರ್ ಕೊಟ್ಟಿದ್ದ್ರಿ?” ಅಂತ ಹೆಡ್ ಮಾಸ್ತರು ಸಹಜವಾಗಿ ಕೇಳಿದರು.

ಅಕ್ಕೋರು ನನ್ನನ್ನೇ ನೋಡುತ್ತಿದ್ದರು. “ನಾನ ಕೊಟ್ಟಿದ್ದೆ. ಮೂರ ತಿಂಗಳಿಗೆ ಬಿಡಿಸಬೇಕಿತ್ತು, ಬಿಡಿಸಲಿಲ್ಲ. ಟಿಬಿ ಅಂತ ತಪ್ಪ ಹೇಳಿದಾಂವನೂ ನಾನ,” ಅಂದೆ.

ಆಮೇಲೆ ಹಿಂದಿನಿಂದ ಒಬ್ಬ ತಾಯಿ, “ಹಂಗಾದ್ರ ಪಾಟಿ ತೊಳ್ಯೂದು ಬ್ಯಾಡೇನ್ರಿ?” ಅಂತ ಕೇಳಿದಳು.

“ಬ್ಯಾಡ್ರಿ.”

ಅಕ್ಕೋರ ಕುರ್ಚಿಯನ್ನು ಇಬ್ಬರು ಮಾಸ್ತರರು ಎತ್ತಿ ತರಗತಿಯೊಳಗೆ ಇಟ್ಟರು. ಅಕ್ಕೋರು ಕೂತೇ ಕಲಿಸುತ್ತಿದ್ದರಂತೆ. ಮಗ್ಗಿಯನ್ನು ತಾವು ಹೇಳದೆ ಮಕ್ಕಳಿಂದಲೇ ಹೇಳಿಸುತ್ತಿದ್ದರಂತೆ. ಹೀಗೆ ಒಂಬತ್ತು ವಾರ ನಡೆಯಿತು. ಮೂಡಲಗಿಯಲ್ಲಿ ನನ್ನ ಬೆಂಚು ಅರ್ಧ ಖಾಲಿಯಾಯಿತು, ಅದು ಆಗಬೇಕಾದದ್ದೇ.

ಆಗಸ್ಟಿನ ಮಳೆಯಲ್ಲಿ ಅಕ್ಕೋರಿಗೆ ನೆಗಡಿಯಾಗಿ, ಎರಡೇ ದಿನದಲ್ಲಿ ನ್ಯುಮೋನಿಯಾ ಆಯಿತು. ಬೇರೆಯವರಾಗಿದ್ದರೆ ವಾರದಲ್ಲಿ ಎದ್ದು ಓಡಾಡುತ್ತಿದ್ದರು. ಕಲೆಗಟ್ಟಿದ ಆ ಶ್ವಾಸಕೋಶಗಳಲ್ಲಿ ಅಂಥ ಪೆಟ್ಟು ತಾಳುವಷ್ಟು ಜಾಗ ಉಳಿದಿರಲಿಲ್ಲ, ಸ್ಟಿರಾಯ್ಡಿನಿಂದ ಮೈಯ ರೋಗ ತಡೆಯುವ ಶಕ್ತಿಯೂ ಕುಂದಿತ್ತು. ಗೋಕಾಕಕ್ಕೆ ಕರೆತಂದ ನಾಲ್ಕನೆಯ ದಿನ ಬೆಳಿಗ್ಗೆ ಹತ್ತೂವರೆಗೆ ತೀರಿಕೊಂಡರು. ನಾಡಿಯ ಮೇಲೆ ನನ್ನ ಕೈ ಇತ್ತು. ಮಂಚದ ಪಕ್ಕದಲ್ಲೇ ನಿಂತು ಅತ್ತೆ. ಭರಮಪ್ಪನವರು ನನ್ನ ಕಡೆ ನೋಡಲಿಲ್ಲ.

ವೈದ್ಯಕೀಯದಲ್ಲಿ ನಮಗೆ ಔಷಧ ಶುರು ಮಾಡುವುದನ್ನು ಐದಾರು ವರ್ಷ ಕಲಿಸುತ್ತಾರೆ. ನಿಲ್ಲಿಸುವುದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ಅವತ್ತಿನಿಂದ ನಿವೃತ್ತಿಯಾಗುವವರೆಗೆ ನಾನು ಪ್ರತಿ ಚೀಟಿಯಲ್ಲೂ ಔಷಧದ ಪಕ್ಕದಲ್ಲಿ ಅದನ್ನು ಬಿಡುವ ಅಥವಾ ಮತ್ತೆ ಬಂದು ತೋರಿಸುವ ತಾರೀಖು ಬರೆದೆ. ಪರದೆ ತೆಗೆಸಿ ಬಾಗಿಲು ಹಾಕಿಸಿದೆ. ‘ಔಷಧ ತೊಗೋತೀರಾ’ ಎಂದು ಕೇಳುವುದನ್ನು ಬಿಟ್ಟು, ‘ದಿನಾ ಬಾಯಿಗೆ ಏನೇನು ಹಾಕ್ಕೋತೀರಿ’ ಎಂದು ಕೇಳತೊಡಗಿದೆ, ತಲೆ ಎತ್ತಿ. ಯಾವ ಸ್ಕ್ಯಾನಿನ ಯಂತ್ರವೂ ಈ ಪ್ರಶ್ನೆಯನ್ನು ನಮ್ಮ ಬದಲು ಕೇಳುವುದಿಲ್ಲ.

ಅಕ್ಕೋರು ಹೋಗಿ ವರ್ಷದ ಮೇಲೆ, ಒಂದು ಗುರುವಾರ ಮೂಡಲಗಿಯ ಬೆಂಚಿನ ಮೇಲೆ ಭರಮಪ್ಪನವರು ಪಾಳಿಯಲ್ಲಿ ಕೂತಿದ್ದರು. ತಲೆಸುತ್ತು ಅಂದರು. ನೋಡಿದರೆ ಬಿ.ಪಿ. ಜಾಸ್ತಿಯಿತ್ತು. ನನಗೆ ಮುಖ ಎತ್ತಿ ಮಾತಾಡಲು ಕಷ್ಟವಾಯಿತು. “ಬ್ಯಾರೆ ಡಾಕ್ಟರ್ ಕಡೆ ಹೋಗಬೌದಿತ್ತಲ್ರಿ,” ಅಂದೆ.

“ಹೋಗಿದ್ನಿ. ಏನಾಗೇತಂತ ನಾ ಹೇಳೂಕಿಂತ ಮದ್ಲ ಅವ್ರು ಚೀಟಿ ಬರದ ಮುಗಿಸಿದ್ರು,” ಅಂದರು.

ಚೀಟಿ ಬರೆದೆ. ಬಿ.ಪಿ. ಗುಳಿಗೆಗೆ ಬಿಡುವ ದಿನ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಮೂರು ತಿಂಗಳ ನಂತರದ ತಾರೀಖು ಹಾಕಿ, ನನಗೆ ತೋರಿಸದೆ ಮುಂದೆ ಕೊಡಬಾರದು ಅಂತ ಮೆಡಿಕಲ್ ಅಂಗಡಿಯವರಿಗೆ ಕನ್ನಡದಲ್ಲೇ ಬರೆದೆ. ಭರಮಪ್ಪನವರು ಅದನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದರು.

“ಇಷ್ಟ ಬರ್ಯಾಕ ನಿಮಗ ಎಷ್ಟ ಹೊತ್ತ ಹಿಡೀತ್ರಿ?” ಅಂತ ಕೇಳಿದರು.

“ಅರ್ಧಾ ನಿಮಿಷರಿ,” ಅಂದೆ. ಅವರು ಚೀಟಿ ಮಡಚಿ ಜೇಬಿನಲ್ಲಿಟ್ಟುಕೊಂಡು ಎದ್ದು ಹೋದರು.